ಪೊರಕೆಕಡ್ಡಿ ಮೇಡಂ

ಕಳೆದ ತಿಂಗಳು ನಮ್ಮ ಮೇಡಂ ಅವರನ್ನು ಮಣ್ಣು ಮಾಡಿ ಬಂದೆವು. ಜನ ಹೆಚ್ಚಿರಲಿಲ್ಲ. ಅವರ ಚಿಕ್ಕಪ್ಪನ ಮಗ, ಅವನ ಹೆಂಡತಿ, ನಮ್ಮ ಆಫೀಸಿನ ಹಳಬರು ನಾಲ್ಕಾರು ಮಂದಿ, ಕ್ರಿಯೆ ನಡೆಸಲು ಬಂದ ಅಯ್ಯನವರು, ಇಷ್ಟೇ. ತೊಂಬತ್ತು ದಾಟಿದ ಅವರ ತಾಯಿ ನಜರ್‌ಬಾದಿನ ಮನೆಯಲ್ಲೇ ಉಳಿದಿದ್ದರು. ಗುಂಡಿಯೊಳಗೆ ಮೇಡಂ ಅವರನ್ನು ಕೂರಿಸಿ ಸುತ್ತಲೂ ವಿಭೂತಿ ಗಟ್ಟಿಗಳನ್ನು ಜೋಡಿಸುತ್ತಿದ್ದಾಗ ನಾನು ಮುಖ ತಿರುಗಿಸಿಕೊಂಡೆ. ದುಃಖ ತಡೆಯಲಾಗಲಿಲ್ಲವೇನೋ ಎಂದು ಉಳಿದವರು ತಿಳಿದಿರಬೇಕು. ದುಃಖವೇನೋ ಇತ್ತು. ಆದರೆ ನನಗೆ ನೋಡಲಾಗದೆ ಹೋದದ್ದು ಆ ವಿಭೂತಿಯನ್ನು. ಅದು ಯಾಕೆ ಎಂದು ಹೇಳಬೇಕಾದರೆ ಮೇಡಂ ಅವರ ವಿಷಯವನ್ನೇ ಹೇಳಬೇಕಾಗುತ್ತದೆ.

ಮೈಸೂರಿನ ಒಂದು ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳ ವಿಭಾಗ ಅವರ ಕೈಯಲ್ಲಿತ್ತು. ನಾನು ಅಲ್ಲಿ ಫೋಟೋ ತೆಗೆಯುವವನು. ಕತ್ತಿ, ಗುರಾಣಿ, ಬಂದೂಕುಗಳನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ ಫೋಟೋ ತೆಗೆಯುವುದರಲ್ಲೇ ನನ್ನ ಪ್ರಾಯ ಕಳೆಯಿತು. ಮದುವೆ ಮನೆಗಳ ಫೋಟೋ ತೆಗೆದಿದ್ದರೆ ಊಟವಾದರೂ ಸಿಗುತ್ತಿತ್ತು. ಮೇಡಂ ಸಣಕಲು ದೇಹದವರು. ಹಣೆಯ ಮೇಲೆ ಕಂಡೂ ಕಾಣದ ಹಾಗೆ ವಿಭೂತಿ, ಕೂದಲಿಗೆ ಒಂದು ಬಿಗಿ ಗಂಟು, ಬಾಯಿ ಬಿಟ್ಟರೆ ಮುಲಾಜಿಲ್ಲದ ಮಾತು. ಅವರ ಮೇಜಿನ ಮೇಲೆ ಪೆನ್ನುಗಳಿರುವ ಡಬ್ಬಿಯಲ್ಲೇ ತೆಂಗಿನ ಪೊರಕೆಯ ಕಡ್ಡಿಗಳೂ ಇರುತ್ತಿದ್ದವು. ಯಾರು ಯಾವ ಬಂದೂಕು ತಂದರೂ ಅದರ ಕಾಲ, ದೇಶ, ಬೆಲೆ ಯಾವುದನ್ನೂ ನೋಡುವ ಮೊದಲು ಅವರು ನಳಿಗೆಗೆ ಕಡ್ಡಿ ಇಳಿಸುತ್ತಿದ್ದರು. ಕಡ್ಡಿ ತಳದವರೆಗೆ ಹೋಯಿತೆಂದರೆ ಮುಂದಿನ ಮಾತು. ನಡುವೆ ನಿಂತಿತೆಂದರೆ ಎಲ್ಲರೂ ಕೋಣೆಯಿಂದ ಆಚೆ. ಆಫೀಸಿನಲ್ಲಿ ಅವರಿಗೆ ಪೊರಕೆಕಡ್ಡಿ ಮೇಡಂ ಎಂದು ಹೆಸರು ಬಿದ್ದದ್ದು ಹೀಗೆ. ಇಟ್ಟವನು ನಾನೇ ಎಂದು ಅವರಿಗೆ ಗೊತ್ತಿತ್ತು. ಒಂದು ದಿನವೂ ಕೇಳಲಿಲ್ಲ.

ಒಮ್ಮೆ ಒಬ್ಬ ನಿವೃತ್ತ ಅಧಿಕಾರಿ ತಮ್ಮ ತಾತನ ಬಂದೂಕು ತಂದಿದ್ದರು. "ನೂರು ವರ್ಷದಿಂದ ಗೋಡೆ ಮೇಲೇ ಇದೆ ಮೇಡಂ, ಖಾಲಿ," ಎಂದು ನಗುತ್ತಾ ನಳಿಗೆಯನ್ನು ನನ್ನ ಕಡೆಗೆ ತಿರುಗಿಸಿದರು. ಮೇಡಂ ಎದ್ದು ಬಂದು ಅವರ ಕೈಗೆ ಪಟ್ಟನೆ ಹೊಡೆದರು. ಅಷ್ಟು ದೊಡ್ಡ ಮನುಷ್ಯರಿಗೆ ಹೊಡೆದುಬಿಟ್ಟರಲ್ಲ ಎಂದು ನಾವೆಲ್ಲ ಬೆಪ್ಪಾಗಿ ನಿಂತೆವು. ಆಮೇಲೆ ಕಡ್ಡಿ ಇಳಿಸಿದರೆ ಅದು ತಳ ಮುಟ್ಟುವ ಮೊದಲೇ ನಿಂತಿತು. ತಾತ ತುಂಬಿಟ್ಟ ಮದ್ದು ಗುಂಡು ಮೊಮ್ಮಗನಿಗಾಗಿ ಅಲ್ಲೇ ಕಾದಿತ್ತು. ಆ ಅಧಿಕಾರಿ ಬೆವರು ಒರೆಸಿಕೊಳ್ಳುತ್ತಾ ಬೆಂಚಿನ ಮೇಲೆ ಕುಳಿತರು.

"ಖಾಲಿ ಅನ್ನೋದು ಒಂದು ಮಾತು ಕಣ್ರೀ. ಕಡ್ಡಿ ಹೋದ್ರೆ ಮಾತ್ರ ಖಾಲಿ," ಎಂದರು ಮೇಡಂ.

ಬನ್ನಿಮಂಟಪದ ಕಡೆಯಿಂದ ಬಂದವರೊಬ್ಬರು ದಿಂಬಿನ ಕವರಿನಲ್ಲಿ ಕತ್ತಿ ಸುತ್ತಿ ತಂದಿದ್ದರು. ಸುಲ್ತಾನರ ಕಾಲದ್ದು, ಯುದ್ಧದಲ್ಲಿ ನಮ್ಮ ಪೂರ್ವಿಕರು ಹಿಡಿದದ್ದು ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು. ಮೇಡಂ ಎರಡೂ ಮಗ್ಗುಲು ತಿರುಗಿಸಿ ನೋಡಿ, "ಇದು ನಾಟಕದ ಕಂಪನಿ ಕತ್ತಿ. ನಿಮ್ಮ ಪೂರ್ವಿಕರು ಪಾತ್ರ ಚೆನ್ನಾಗಿ ಮಾಡ್ತಿದ್ರು ಅನ್ಸತ್ತೆ," ಎಂದುಬಿಟ್ಟರು. ಆ ಮನುಷ್ಯ ಪೆಚ್ಚಾಗಿ ಕವರು ಸುತ್ತುತ್ತಿದ್ದಾಗ ತಾವೇ ಎದ್ದು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೈಗೆ ಕೊಟ್ಟರು. ಇದು ಅವರ ರೀತಿ. ಯಾರ ಮನೆಯ ಕಥೆಯನ್ನು ಸುಳ್ಳೆಂದು ಹೇಳಿದರೂ ಅವರಿಗೆ ಒಂದು ಲೋಟ ಕಾಫಿ ಕುಡಿಸಿಯೇ ಕಳಿಸುತ್ತಿದ್ದರು. ನಿಜವೆಂದು ಗೊತ್ತಾಗಿ ಹಿಗ್ಗಿದವರಿಗೆ ಕಾಫಿ ಇರಲಿಲ್ಲ.

ಈ ಕಡ್ಡಿಯ ಹಿಂದೆ ಏನಿದೆ ಎಂದು ಆಫೀಸಿನಲ್ಲಿ ಎಲ್ಲರಿಗೂ ತಿಳಿದಿತ್ತು. ಮೇಡಂ ಒಂಬತ್ತು ವರ್ಷದವರಾಗಿದ್ದಾಗ ಅವರ ಕೈಯಿಂದ ತಮ್ಮ ಸತ್ತಿದ್ದ.

ಅವರ ತಂದೆಗೆ ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ. ನಜರ್‌ಬಾದಿನ ಮನೆಯಲ್ಲಿ ಮುತ್ತಾತನ ಕಾಲದ ಒಂದು ರಿವಾಲ್ವರ್ ಇತ್ತು. ವರ್ಷವಿಡೀ ಪೆಟ್ಟಿಗೆಯಲ್ಲಿರುವುದು, ಆಯುಧಪೂಜೆಯ ದಿನ ಹೊರಗೆ ಬರುವುದು. ಹುಣಸೇಹಣ್ಣಿನಲ್ಲಿ ತಿಕ್ಕಿ, ಎಣ್ಣೆ ಒರೆಸಿ, ಗಂಧ ವಿಭೂತಿ ಕುಂಕುಮ ಹಚ್ಚಿ, ತಕ್ಕಡಿ, ಬೆಲ್ಲ ಒಡೆಯುವ ಕೊಡಲಿಗಳ ಜೊತೆಗೆ ಅದನ್ನೂ ಇಟ್ಟು ಪೂಜೆ ಮಾಡುತ್ತಿದ್ದರು. ದೇವರಿಗೆ ಹಚ್ಚಿದ್ದನ್ನು ಕೆರೆಯಬಾರದೆಂದು ಹಿಂದಿನ ವರ್ಷದ್ದರ ಮೇಲೆ ಈ ವರ್ಷದ್ದು ಮೆತ್ತುತ್ತಾ ಬಂದು, ಗುಂಡು ತುಂಬುವ ಐದು ಗೂಡುಗಳ ಬಾಯಿಯೂ ಗಾರೆ ಹಾಕಿದ ಹಾಗೆ ಮುಚ್ಚಿಹೋಗಿತ್ತು. ಅದರಲ್ಲಿ ಒಂದು ಗೂಡಿನೊಳಗೆ ಮುತ್ತಾತ ತುಂಬಿದ ಮದ್ದು ಗುಂಡು ಹಾಗೇ ಇದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ತಾತ ತೀರಿಕೊಂಡ ಮೇಲೆ ಪೂಜೆಯ ಯಜಮಾನಿಕೆ ಮೇಡಂ ಅವರ ತಂದೆಗೆ ಬಂತು. ಅವರದು ಸ್ವಲ್ಪ ಹುಮ್ಮಸ್ಸಿನ ಸ್ವಭಾವ. ಬೂದುಗುಂಬಳ ಒಡೆಯುವ ಹೊತ್ತಿಗೆ ಸದ್ದೊಂದು ಇರಲಿ ಎಂದು ಮಕ್ಕಳ ಆಟದ ಪಿಸ್ತೂಲಿಗೆ ಹಾಕುವ ಕೇಪುಗಳನ್ನು ತಂದು ರಿವಾಲ್ವರಿನ ಒಂದೆರಡು ಗೂಡುಗಳ ಹಿಂಭಾಗಕ್ಕೆ ಅಂಟಿಸಿ ಒತ್ತುತ್ತಿದ್ದರು. ಚಟ್ ಎಂದು ಸದ್ದಾಗುವುದು, ಎಲ್ಲರೂ ನಗುವುದು. ಹೀಗೆ ಎರಡು ಮೂರು ವರ್ಷ ನಡೆಯಿತು.

ಆ ವರ್ಷ ಚಟ್ ಎನ್ನಲಿಲ್ಲ. ಒಡೆದ ಕುಂಬಳಕಾಯಿಯೊಳಗಿನ ಚಿಲ್ಲರೆ ಕಾಸು ಆರಿಸಲು ನಾಲ್ಕು ವರ್ಷದ ತಮ್ಮ ಹೊಸ್ತಿಲಿಗೆ ಓಡಿದ್ದ.

ಮನೆಯವರು ಹೇಳಿಕೊಂಡು ಬಂದದ್ದು ಇಷ್ಟು: ಯಜಮಾನರು ತೆಂಗಿನಕಾಯಿ ತರಲು ಒಳಗೆ ಹೋಗಿದ್ದಾಗ ಹುಡುಗಿ ಪೂಜೆಗಿಟ್ಟ ರಿವಾಲ್ವರ್ ಎತ್ತಿಕೊಂಡು ಒತ್ತಿಬಿಟ್ಟಳು. ಪೊಲೀಸರು ಬಂದರು, ಮಗು ಆಟವಾಡುತ್ತಾ ಆದ ಅನಾಹುತ ಎಂದು ಬರೆದುಕೊಂಡರು, ಸ್ವಲ್ಪ ಕಾಲದ ಮೇಲೆ ರಿವಾಲ್ವರನ್ನು ಮನೆಗೇ ಕೊಟ್ಟರು. ಚಿಕ್ಕಪ್ಪ ಅದನ್ನು ಕಾರಂಜಿ ಕೆರೆಗೆ ಎಸೆದು ಬಂದರಂತೆ.

ಮೇಡಂ ಅವರಿಗೆ ಅಂದಿನದು ನೆನಪಿದ್ದದ್ದು ಎರಡೇ. ಒಂದು ಕೈಯಲ್ಲಿದ್ದ ಭಾರ. ಇನ್ನೊಂದು, "ಭಾರ ಆಯ್ತಾ ಪುಟ್ಟೀ?" ಎಂದು ತಂದೆ ಕೇಳಿದ ಮಾತು. ಅದು ಸದ್ದಾಗುವ ಮೊದಲೋ ಆಮೇಲೋ ಅವರಿಗೆ ತಿಳಿಯದು.

"ಅಪ್ಪಾಜಿ ನನ್ನನ್ನ ಒಂದು ದಿನಾನೂ ಬೈಲಿಲ್ಲ ಕಣ್ರೀ," ಎಂದು, ತಂದೆ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ, ಗೋದಾಮಿನಲ್ಲಿ ಕತ್ತಿಗಳಿಗೆ ಎಣ್ಣೆ ಒರೆಸುತ್ತಾ ಹೇಳಿದರು. "ಮಗನ್ನ ಕೊಂದವಳನ್ನ ಎಂ.ಎ. ಓದಿಸಿದ್ರು. ಮದ್ವೆ ಬೇಡ ಅಂದ್ರೆ ಹೂಂ ಅಂದ್ರು. ಕೇಳಿದ ಪುಸ್ತಕ ಎಲ್ಲಾ ತಂದ್ಕೊಟ್ರು. ಆ ಋಣ ನನ್ನ ಕೈಲಿ ತೀರ್ಸಕ್ಕಾಗಲ್ಲ."

ತಾಯಿ ಹಾಗಲ್ಲ. ಅಂದಿನಿಂದ ಮಗಳ ಕೈಯಿಂದ ಒಂದು ಲೋಟ ನೀರನ್ನೂ ಅವರು ಇಸಿದುಕೊಂಡಿರಲಿಲ್ಲ. ಮೇಡಂ ಯಾದವಗಿರಿಯ ಬಂಗಲೆಯೊಂದರ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಸೋಮವಾರ ಸೋಮವಾರ ತಾಯಿಯನ್ನು ನೋಡಲು ನಜರ್‌ಬಾದಿಗೆ ಹೋಗುತ್ತಿದ್ದರು. ಒಮ್ಮೆ ನನ್ನ ಸ್ಕೂಟರಿನಲ್ಲೇ ಬಿಟ್ಟುಬಂದೆ. ತಂದ ಹಣ್ಣನ್ನು ಮೇಡಂ ಕಿಟಕಿಯ ಕಟ್ಟೆಯ ಮೇಲಿಟ್ಟು ದೂರ ಕುಳಿತರು. ಚಿಕ್ಕಪ್ಪನ ಸೊಸೆ ಬಂದು ಅದನ್ನು ಎತ್ತಿ ಅಜ್ಜಿಯ ಕೈಗೆ ಕೊಟ್ಟ ಮೇಲೆ ಅಜ್ಜಿ ತಿಂದರು. ನನಗೆ ಆ ಮುದುಕಿಯ ಮೇಲೆ ಎಂಥ ಕೋಪ ಬಂತೆಂದರೆ ಹೊರಗೆ ಬಂದು ಸ್ಕೂಟರಿಗೆ ಒದ್ದೆ. ಮೇಡಂ ಮಾತ್ರ, "ಅವ್ವನ್ನ ಏನೂ ಅನ್ಬೇಡಿ. ಅವ್ರು ಕಳ್ಕೊಂಡಿರೋದು ಸಣ್ಣದಲ್ಲ," ಎಂದರು.

ಹಳೆಯ ಬಂದೂಕುಗಳ ವಿದ್ಯೆಯನ್ನೆಲ್ಲ ಅವರು ಕಲಿತದ್ದು ಒಂದೇ ಒಂದು ಪ್ರಶ್ನೆಗಾಗಿ. "ಅದು ಯಾವ ಜಾತಿ ಅಂತ ಗೊತ್ತಾದ್ರೆ ಸಾಕು. ತಾನಾಗೇ ಹಾರಿಬಿಡೋ ಜಾತಿನಾ, ಬೆರಳಿಟ್ಟು ಒತ್ತಿದ್ರೆ ಮಾತ್ರ ಹಾರೋದಾ. ತಾನಾಗೇ ಹಾರೋದಾದ್ರೆ ಅವ್ವನಿಗೆ ಹೇಳ್ಬೋದು," ಎನ್ನುತ್ತಿದ್ದರು. ಆದರೆ ವಸ್ತು ಕೆರೆಯ ತಳದಲ್ಲಿ. ಚಿಕ್ಕಪ್ಪನನ್ನು ಎಷ್ಟು ಸಲ ಕೇಳಿದರೂ, "ಕೆರೆ ಪಾಲಾಯ್ತು ಬುಡವ್ವ, ಅದ್ನ ಯಾಕೆ ಕೆದಕ್ತೀಯ?" ಎಂದಷ್ಟೇ ಹೇಳುತ್ತಿದ್ದರಂತೆ.

ಕಳೆದ ವರ್ಷ ಚಿಕ್ಕಪ್ಪ ತೀರಿಕೊಂಡರು. ಅವರ ಮಗ ಟ್ರಂಕು ಖಾಲಿ ಮಾಡುವಾಗ ಪಂಚೆಯ ಮಡಿಕೆಯೊಳಗೆ ರಿವಾಲ್ವರ್ ಸಿಕ್ಕಿತು. ಅವನು ಹೆದರಿಕೊಂಡು ನೇರವಾಗಿ ಯಾದವಗಿರಿಗೆ ತಂದ. "ಅಕ್ಕ, ದೊಡ್ಡಪ್ಪಾಜಿದು. ಅಂದ್ರೆ ನಿಮ್ದೇ. ಮನೇಲಿಟ್ಕೊಳಕ್ಕೆ ನಂಗೆ ಧೈರ್ಯ ಇಲ್ಲ," ಎಂದು ಚೀಲವನ್ನು ಕೆಳಗಿಟ್ಟು ನಿಂತನಂತೆ. ಮೇಡಂ ಅವತ್ತು ಅದನ್ನು ಬಿಚ್ಚಲಿಲ್ಲ. ಮರುದಿನ ನನಗೆ ಫೋನ್ ಮಾಡಿದರು. "ಒಂದು ವಸ್ತು ಬಂದಿದೆ. ಕ್ಯಾಮೆರಾ, ಬಿಳಿ ಬಟ್ಟೆ ತಗೊಂಡ್ಬನ್ನಿ." ಅಷ್ಟು ಹೊತ್ತಿಗೆ ಇಬ್ಬರೂ ನಿವೃತ್ತರು, ಆದರೂ ಅವರ ದನಿ ಕೇಳಿದ ತಕ್ಷಣ ಎದ್ದು ಅಂಗಿ ಹಾಕಿಕೊಂಡೆ.

ಯಾರದ್ದೋ ಮನೆಯ ವಸ್ತುವನ್ನು ನೋಡುವಂತೆಯೇ ನೋಡಿದರು. ಮೊದಲು ಕಡ್ಡಿ. ನಾಲ್ಕು ಗೂಡುಗಳ ಬಾಯಿಯಲ್ಲಿ ಗಂಧ ವಿಭೂತಿ ಕಲ್ಲಾಗಿ ಕುಳಿತಿತ್ತು. ಎಣ್ಣೆ ಬಿಟ್ಟು ನೆನೆಸಿ, ಮೆಲ್ಲಗೆ ಬಿಡಿಸಿ, ಕಡ್ಡಿ ಇಳಿಸಿದರು. ನಾಲ್ಕೂ ಖಾಲಿ. ಐದನೆಯದರ ಬಾಯಿ ಮಾತ್ರ ತೆರೆದೇ ಇತ್ತು, ಒಳಗೆಲ್ಲ ಮಸಿ. ಮೇಡಂ ಆ ಗೂಡಿಗೂ ಕಡ್ಡಿ ಇಳಿಸಿ, ಹೊರಗೆ ತೆಗೆದು, ತುದಿಯ ಮಸಿಯನ್ನು ಬಿಳಿ ಬಟ್ಟೆಯ ಅಂಚಿಗೆ ಒರೆಸಿದರು.

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಫೋಟೋ ತೆಗೆಯುತ್ತಾ ಹೋದೆ. ತೋಟಾ ಹಾಕುವ ರಿವಾಲ್ವರುಗಳು ಬರುವುದಕ್ಕೆ ಮೊದಲಿನದು. ಒಂದೊಂದು ಗೂಡಿಗೂ ಮುಂದಿನಿಂದ ಮದ್ದು ಸುರಿದು, ಸೀಸದ ಗುಂಡು ಒತ್ತಿ, ಹಿಂದೆ ಚಾಚಿದ ತೊಟ್ಟಿಗೆ ತಾಮ್ರದ ಪುಟ್ಟ ಟೋಪಿ ತೊಡಿಸಬೇಕು. ಸುತ್ತಿಗೆ ಟೋಪಿಗೆ ಬಡಿದರೆ ಕಿಡಿ ಒಳಗೆ ಹೋಗುತ್ತದೆ. ನಳಿಗೆ ಎಂಟು ಮೂಲೆಯದು. ಹಿಡಿ ಗೀರು ಹಾಕಿದ ಆಕ್ರೋಟು ಮರದ್ದು. ಚೌಕಟ್ಟಿನ ಮೇಲಿನ ಸಂಖ್ಯೆಯೂ ಗೂಡುಗಳಿರುವ ಉರುಳೆಯ ಸಂಖ್ಯೆಯೂ ಒಂದೇ, ಭಾಗ ಬದಲಾಯಿಸಿಲ್ಲ. ತಿರುಪುಗಳ ತಲೆ ಸವೆದಿಲ್ಲ. ಒಳಗಿನ ಯಂತ್ರವನ್ನು ಯಾರೂ ಬಿಚ್ಚಿಲ್ಲ. ಉರುಳೆಯ ಮೇಲೆ ಕುಂಕುಮ ತುಂಬಿದ ಒಂದು ಗುಳಿ ಇತ್ತು. ಹಲ್ಲುಕಡ್ಡಿಯಿಂದ ಬಿಡಿಸಿದಾಗ ಮೊಟ್ಟೆಯಾಕಾರದ ಒಂದು ಮುದ್ರೆ, ಅದರೊಳಗೆ ಮೂರಕ್ಷರ, ಕೆಳಗೊಂದು ನಕ್ಷತ್ರ ಕಂಡವು.

"ಬೆಲ್ಜಿಯಂನಲ್ಲಿ ಲಿಯೇಜ್ ಅಂತ ಒಂದೂರು. ಅಲ್ಲಿ ಪರೀಕ್ಷೆ ಮಾಡಿ ಹಾಕೋ ಮುದ್ರೆ ಇದು," ಎಂದರು. "ಮೇಲೆ ಕಿರೀಟ ಇಲ್ಲ ನೋಡಿ. ಆಮೇಲಿನ ಕಾಲದ್ದಕ್ಕೆ ಕಿರೀಟ ಇರತ್ತೆ. ಇಂಗ್ಲಿಷ್ ದೊರೆ ಮೆಚ್ಚಿ ಕೊಟ್ಟ ಅಂತಿದ್ರು ನಮ್ಮನೇಲಿ. ಇಂಥವು ಅಂಗಡೀಲಿ ಸಿಗ್ತಿದ್ವು. ಮುತ್ತಾತ ಕೊಂಡ್ಕೊಂಡು ಬಂದು ದೊರೆ ಹೆಸ್ರು ಹೇಳಿರ್ಬೇಕು." ಇಷ್ಟು ಹೇಳಿ ನಕ್ಕರು. ಅವತ್ತು ಅವರು ನಕ್ಕದ್ದು ಅದೊಂದೇ ಸಲ.

ಸುತ್ತಿಗೆಯನ್ನು ಕೊನೆಗೆ ಉಳಿಸಿಕೊಂಡಿದ್ದರು. ಈ ಬಗೆಯ ರಿವಾಲ್ವರುಗಳಲ್ಲಿ ಸಾಮಾನ್ಯವಾಗಿ ಸುತ್ತಿಗೆಗೆ ಹಿಂದೆ ಒಂದು ಬಾಲ ಇರುತ್ತದೆ. ಹೆಬ್ಬೆರಳಿನಿಂದ ಅದನ್ನು ಹಿಂದಕ್ಕೆಳೆದು ನಿಲ್ಲಿಸಿದರೆ ಆಮೇಲೆ ಸ್ವಲ್ಪ ತಾಗಿದರೂ, ಸವೆದದ್ದಾದರೆ ತಾಗದಿದ್ದರೂ, ಜಾರಿ ಹಾರಿಬಿಡುತ್ತದೆ. ಮೇಡಂ ಬೆರಳಿನಿಂದ ತಡವಿ ನೋಡಿದರು. ಇದಕ್ಕೆ ಬಾಲವೇ ಇರಲಿಲ್ಲ. ಟ್ರಿಗರ್ ಒತ್ತುತ್ತಾ ಹೋದರೆ ಮಾತ್ರ ಸುತ್ತಿಗೆ ಏಳುವುದು, ಪೂರ್ತಿ ಒತ್ತಿದರೆ ಮಾತ್ರ ಬೀಳುವುದು. ಇದು ತಾನಾಗಿ ಹಾರುವ ಜಾತಿಯಲ್ಲ.

"ಬಾಲ ಇದ್ದಿದ್ರೆ ಬದುಕ್ಕೋತಿದ್ದೆ," ಎಂದರು. ದನಿ ಸಹಜವಾಗಿಯೇ ಇತ್ತು. "ಹೋಗ್ಲಿ ಬಿಡಿ. ನಾನೇ ಅಂತ ಈಗ ಖಾತ್ರಿಯಾಯ್ತು."

ನಾನು ಕ್ಯಾಮೆರಾ ಚೀಲಕ್ಕೆ ಹಾಕತೊಡಗಿದೆ. ಅವರು ಕೆಲಸ ಅರ್ಧಕ್ಕೆ ಬಿಡುವವರಲ್ಲ. ವಸ್ತುವಿನ ವಿವರದಲ್ಲಿ ಯಂತ್ರ ನಡೆಯುತ್ತದೋ ಇಲ್ಲವೋ ಎಂದು ಹೇಳಬೇಕಲ್ಲ, ಅದಕ್ಕಾಗಿ ರಿವಾಲ್ವರನ್ನು ಗೋಡೆಗೆ ತಿರುಗಿಸಿ ಟ್ರಿಗರ್ ಒತ್ತಿದರು. ಅದು ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ಒತ್ತಿದರು. ಎರಡು ಬೆರಳು ಹಾಕಿ ಒತ್ತಿದರು. ಆಗಲಿಲ್ಲ. ನನ್ನ ಕೈಗೆ ಕೊಟ್ಟರು. ಹಲ್ಲು ಕಚ್ಚಿ ಎಳೆದ ಮೇಲೆ ಸುತ್ತಿಗೆ ಎದ್ದು ಟಕ್ ಎಂದು ಬಿತ್ತು. ಬೆರಳು ನೋಯುತ್ತಿತ್ತು.

ತಲೆ ಎತ್ತಿ ನೋಡಿದೆ. ಮೇಡಂ ಅವರ ಮುಖ ಸುಣ್ಣದ ಗೋಡೆಯಂತೆ ಬೆಳ್ಳಗಾಗಿತ್ತು.

"ತುಕ್ಕು ಇರ್ಬೋದು," ಎಂದರು. ಒಂದು ವಾರ ಎಣ್ಣೆ ಬಿಟ್ಟು ಇಟ್ಟರೂ ಬಿಗಿ ಸಡಿಲವಾಗಲಿಲ್ಲ. ಆಮೇಲೆ ನನ್ನನ್ನು ಮತ್ತೆ ಕರೆಸಿದರು. ಮೂಲೆಯ ಹಳೇ ಪೇಪರ್ ಅಂಗಡಿಯಿಂದ ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ಇಸಿದುಕೊಂಡು ಬಂದೆ. ಟ್ರಿಗರಿಗೆ ಕೊಕ್ಕೆ ಸಿಕ್ಕಿಸಿ ಎಳೆದು, ಸುತ್ತಿಗೆ ಬಿದ್ದಾಗ ಮುಳ್ಳು ಇದ್ದ ಜಾಗಕ್ಕೆ ಪೆನ್ಸಿಲಿನಿಂದ ಗೀರು ಹಾಕಿದರು. ರಿವಾಲ್ವರನ್ನು ಒಳಗಿಟ್ಟು ಬಂದು, ಬಂಗಲೆಯವರ ಮೊಮ್ಮಗಳನ್ನು ಕರೆದು ತಕ್ಕಡಿಯನ್ನು ಮಾತ್ರ ಕೊಟ್ಟು, ಕೊಕ್ಕೆಯನ್ನು ಎಷ್ಟು ಎಳೆಯಬಲ್ಲೆ ನೋಡೋಣ ಎಂದರು. ಆ ಹುಡುಗಿಗೂ ಒಂಬತ್ತು ವರ್ಷ. ಅವಳಿಗೆ ಆಟ. ಒಂದು ಬೆರಳಿನಲ್ಲಿ ಎಳೆದಳು, ನಾಲಗೆ ಕಚ್ಚಿಕೊಂಡು ಎರಡೂ ಕೈಯ ಬೆರಳು ಹಾಕಿ ಎಳೆದಳು, ನಗುತ್ತಾ ಕುಕ್ಕರಿಸಿದಳು. ಮುಳ್ಳು ಗೀರಿನ ಹತ್ತಿರಕ್ಕೂ ಬರಲಿಲ್ಲ.

ಹುಡುಗಿ ಓಡಿಹೋದ ಮೇಲೆ ಮೇಡಂ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ರಿವಾಲ್ವರ್ ಹಿಡಿದ ಹಾಗೆ ಹಿಡಿದು ನೋಡಿಕೊಂಡರು.

"ಭಾರ ಆಯ್ತಾ ಅಂತ ಕೇಳಿ ಹಿಂದಿನಿಂದ ನನ್ನ ಕೈ ಮೇಲೆ ಕೈ ಇಟ್ರು. ಅಪ್ಪಾಜಿ ಒಳಗೆ ಹೋಗಿರ್ಲಿಲ್ಲ ಕಣ್ರೀ. ಕಾಯಿ ತರಕ್ಕೆ ಹೋಗಿರ್ಲೇ ಇಲ್ಲ."

ಪುಸ್ತಕ ತಂದುಕೊಟ್ಟ ತಂದೆ, ಬೈಯದ ತಂದೆ, ತೀರಿಸಲಾಗದ ಋಣ. ನನಗೆ ಎಲ್ಲಾ ಒಟ್ಟಿಗೆ ನೆನಪಾಯಿತು. ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ನಾನು ಬಾಯಿಗೆ ಬಂದದ್ದೆಲ್ಲಾ ಬೈದೆ. ಮೇಡಂ ತಡೆಯಲಿಲ್ಲ. ಬೈದು ಮುಗಿದ ಮೇಲೆ, "ನಡೀರಿ, ಅವ್ವನಿಗೆ ಹೇಳ್ಬೇಕು. ಇನ್ನಾದ್ರೂ ನನ್ನ ಕೈಯಿಂದ ನೀರು ಕುಡೀಲಿ," ಎಂದರು.

ಅದು ಸೋಮವಾರವಲ್ಲ. ನಮ್ಮನ್ನು ನೋಡಿ ಚಿಕ್ಕಪ್ಪನ ಸೊಸೆಗೆ ಗಾಬರಿಯಾಯಿತು. ಅಜ್ಜಿ ನಡುಮನೆಯ ಮಂಚದ ಮೇಲೆ ಗೋಡೆಗೊರಗಿ ಕುಳಿತಿದ್ದರು. ಮೇಡಂ ಹತ್ತಿರ ಹೋಗದೆ ತಮ್ಮ ಮಾಮೂಲು ಜಾಗದಲ್ಲೇ ಕುಳಿತು ಹೇಳಿದರು.

"ಅವ್ವ, ಅದು ಕೆರೆಗೆ ಹೋಗಿರ್ಲಿಲ್ಲ. ಚಿಕ್ಕಪ್ಪನ ಟ್ರಂಕಲ್ಲಿತ್ತು. ನಾನು ನೋಡ್ದೆ. ಒಂಬತ್ತು ವರ್ಷದ ಮಗು ಕೈಲಿ ಅದನ್ನ ಒತ್ತಕ್ಕಾಗಲ್ಲ ಅವ್ವ. ಅಪ್ಪಾಜಿ ಒತ್ತಿದ್ದು."

ಮುದುಕಿ ಅಳುತ್ತಾರೆ, ಇಲ್ಲವೇ ಸುಳ್ಳು ಎಂದು ಕಿರುಚುತ್ತಾರೆ ಎಂದು ನಾನು ಬಾಗಿಲ ಹತ್ತಿರ ಕಾದು ನಿಂತಿದ್ದೆ. ಅವರು ಎರಡನ್ನೂ ಮಾಡಲಿಲ್ಲ.

"ಗೊತ್ತು ಕಣವ್ವ," ಎಂದರು.

ಸೆರಗನ್ನು ಮಡಿಲಿಗೆ ಎಳೆದುಕೊಂಡು ಅಜ್ಜಿಯೇ ಮುಂದುವರಿಸಿದರು.

"ಪೊಲೀಸ್ನೋರಿಗೆ ನಾನೇ ಏಳಿದ್ದು. ಪೊಲೀಸಪ್ಪ ಯಾರು ಒತ್ತಿದ್ದು ಅಂದ. ನಿಮ್ಮಪ್ಪಾಜಿ ಕಂಬದಂಗೆ ನಿಂತಿದ್ರು, ಬಾಯೇ ಬರ್ಲಿಲ್ಲ. ಮಗ ಓದ, ಗಂಡನೂ ಜೈಲಿಗೋದ್ರೆ ನಾನು ಎಂಗೆ ಬಾಳ್ಲಿ? ಎಣ್ಣುಮಗೂನ ಯಾರು ಜೈಲಿಗಾಕ್ತಾರೆ ಅಂತ ನಿನ್ ಕಡೆ ಬೊಟ್ಟು ಮಾಡ್ಬುಟ್ಟೆ. ಪೊಲೀಸ್ನೋರು ಓದ್ಮೇಲೆ ನಿನ್ಗೆ ನಿಜ ಏಳಾಣ ಅಂದ್ಕಂಡಿದ್ದೆ. ಅಷ್ಟೊತ್ಗೆ ನೀನೇ ಎಲ್ರಿಗೂ, ನಾನೇ ಒತ್ಬುಟ್ಟೆ, ನಾನೇ ಒತ್ಬುಟ್ಟೆ ಅಂತ ಅಳ್ತಿದ್ದೆ."

"ಅಪ್ಪಾಜಿಗೆ?"

"ಅವ್ರಿಗೆ ಗೊತ್ತಿಲ್ದೆ ಇರ್ತದಾ?"

"ಮತ್ತೆ ನನ್ನ ಕೈ ನೀರು ಯಾಕೆ ಕುಡೀಲಿಲ್ಲ ಅವ್ವ?"

"ಯಾವ ಬಾಯಲ್ಲಿ ಕುಡೀಲವ್ವ?"

ಸೊಸೆ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು. ಮೇಡಂ ತಮ್ಮ ಜಾಗದಿಂದ ಎದ್ದರು. ಹೊರಟೇಬಿಟ್ಟರು ಎಂದು ನಾನು ಚಪ್ಪಲಿ ಹುಡುಕಿದೆ. ಅವರು ಅಡುಗೆಮನೆಗೆ ಹೋದರು. ಪಾತ್ರೆಯ ಸದ್ದು ಕೇಳಿಸಿತು, ಡಿಕಾಕ್ಷನ್ನಿನ ವಾಸನೆ ಬಂತು. ಒಂದು ಲೋಟ ಕಾಫಿ ತಂದರು. ಈ ಸಲ ಅದನ್ನು ಕಿಟಕಿಯ ಕಟ್ಟೆಯ ಮೇಲಿಡಲಿಲ್ಲ. ನೇರವಾಗಿ ಮಂಚದ ಹತ್ತಿರ ಹೋಗಿ ತಾಯಿಯ ಮುಂದೆ ಹಿಡಿದರು. ಅಜ್ಜಿ ಬಹಳ ಹೊತ್ತು ಲೋಟವನ್ನೇ ನೋಡಿ ಎರಡೂ ಕೈ ಚಾಚಿ ತೆಗೆದುಕೊಂಡರು. ಕೈ ಗಡಗಡ ನಡುಗಿ ಕಾಫಿ ತುಳುಕಿತು. ಮೇಡಂ ಬಗ್ಗಿ, ತಾಯಿಯ ಕೈಗಳ ಮೇಲೆ ತಮ್ಮ ಎರಡೂ ಕೈಗಳನ್ನಿಟ್ಟರು.

"ಭಾರ ಆಯ್ತಾ ಅವ್ವ?" ಎಂದು ಕೇಳಿದರು.

ಅಜ್ಜಿಯ ಬಾಯಿಂದ ಹೊರಟ ಸದ್ದನ್ನು ನಾನು ಬರೆಯಲಾರೆ. ಕೈ ಬಿಡಿಸಿಕೊಳ್ಳಲು ನೋಡಿದರು. ಮೇಡಂ ಬಿಡಲಿಲ್ಲ. ಕಾಫಿ ಮುಗಿಯುವವರೆಗೂ ಆ ಕೈಗಳನ್ನು ಹಾಗೇ ಒತ್ತಿ ಹಿಡಿದುಕೊಂಡಿದ್ದರು. ಆಮೇಲೆ ಸೆರಗಿನಿಂದ ತಾಯಿಯ ಬಾಯಿ ಒರೆಸಿ, ಲೋಟ ತೊಳೆದಿಟ್ಟು ಹೊರಗೆ ಬಂದರು. ರಿವಾಲ್ವರನ್ನು ಪೊಲೀಸ್ ಠಾಣೆಗೆ ಒಪ್ಪಿಸಿದೆವು. ಅಜ್ಜಿ ಪ್ರತಿ ಸೋಮವಾರ ಕಾಫಿಗೆ ಕಾಯುತ್ತಿದ್ದರಂತೆ. ಮೇಡಂ ಆ ಮನೆಗೆ ಮತ್ತೆ ಹೋಗಲಿಲ್ಲ.